ಜಿಂಕೆಯೂ ತೋಟಾವೂ: ‘ಸಮಾರಂಭ’ವನ್ನು ಕುರಿತು ಒಂದು ವಿಚಾರ

ಹದಿನಾರನೆಯ ತೀರ್ಥಂಕರರಾದ ಶಾಂತಿನಾಥರ ಲಾಂಛನ ಜಿಂಕೆ. ಬಸದಿಯ ಪೀಠದಲ್ಲಿ ಕೊರೆದ ಆ ಪುಟ್ಟ ಮೃಗವನ್ನು ಕಂಡೇ ಮಕ್ಕಳು ಆ ಜಿನಬಿಂಬವನ್ನು ಗುರುತಿಸಲು ಕಲಿಯುತ್ತಾರೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಮಕ್ಕಳಿಗೆ ಜೀವಂತ ಜಿಂಕೆಯೂ ದೂರದ್ದಲ್ಲ. ಬನ್ನೇರುಘಟ್ಟ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ಸಾಗಿದರೆ, 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕಾಡಿನ ಸೆರಗಿನಲ್ಲಿ, ಚುಕ್ಕೆ ಜಿಂಕೆಗಳ ಹಿಂಡನ್ನು ಭಾನುವಾರದ ಮಧ್ಯಾಹ್ನವೊಂದರಲ್ಲಿ ನೋಡಿ ಬರಬಹುದು.

ಬೇಟೆಯಾದರೋ ಸಪ್ತವ್ಯಸನಗಳಲ್ಲಿ ಒಂದು. ಜೂಜು, ಮಾಂಸ, ಮದ್ಯಗಳ ಜೊತೆಯಲ್ಲಿ ಅದನ್ನೂ ಶ್ರಾವಕನು ವ್ರತ ಸ್ವೀಕಾರಕ್ಕೂ ಮೊದಲೇ ತ್ಯಜಿಸಿರಬೇಕು. ಹೀಗಿರುವಲ್ಲಿ ಜಿಂಕೆಯ ಬೇಟೆಗೆ ಯಾವ ತೋಟಾ ಉತ್ತಮ ಎಂಬ ಪ್ರಶ್ನೆಯು ಜೈನ ಗೃಹಸ್ಥನ ಹೊಸ್ತಿಲನ್ನು ದಾಟಿ ಒಳಗೆ ಬರುವುದಾದರೂ ಹೇಗೆ? ಆದರೂ ಅದು ಬರುತ್ತದೆ. ಅದೂ ಎರಡು ಬಾಗಿಲುಗಳಿಂದ. ಒಂದು ಬಾಗಿಲು ಅಮೆರಿಕದ ಕಡೆಗೆ ತೆರೆದದ್ದು, ಇನ್ನೊಂದು ಮಲೆನಾಡಿನ ಕಡೆಗೆ.

ಮೊದಲನೆಯ ಬಾಗಿಲನ್ನು ನೋಡಬಹುದು. ಜಯನಗರದ ಒಂದು ಶ್ರಾವಕ ಕುಟುಂಬವನ್ನು ಕಲ್ಪಿಸಿಕೊಳ್ಳಬೇಕು. ಮಗ ಮೆಕ್ಯಾನಿಕಲ್ ಎಂಜಿನಿಯರ್; ಪೆನ್ಸಿಲ್ವೇನಿಯಾದಲ್ಲಿ ಉದ್ಯೋಗ. ಅಲ್ಲಿ ಕಾರ್ತಿಕ, ಮಾರ್ಗಶಿರಗಳ ಚಳಿ ಮೊದಲಾಗುತ್ತಿದ್ದಂತೆ ಜಿಂಕೆಯ ಬೇಟೆಯ ಋತು. ಅದು ಕಾನೂನುಸಮ್ಮತವಾದದ್ದು, ಗ್ರಾಮಾಂತರದಲ್ಲಿ ಬಹುಕಾಲ ಅದರ ಮೊದಲ ದಿನ ಶಾಲೆಗಳಿಗೂ ರಜೆ ಇರುತ್ತಿತ್ತು. ಕಚೇರಿಯ ಸಹೋದ್ಯೋಗಿಯೊಬ್ಬನು ತನ್ನ ಹದಿಮೂರು ವರ್ಷದ ಮಗನಿಗೆ ಮೊದಲ ರೈಫಲ್ ಕೊಡಿಸುವವನಿದ್ದಾನೆ. ಪಾಯಿಂಟ್ 243 ವಿಂಚೆಸ್ಟರ್ ತೋಟಾದ್ದೋ, ಪಾಯಿಂಟ್ 308 ವಿಂಚೆಸ್ಟರ್ ತೋಟಾದ್ದೋ ಎಂಬುದು ಅವನ ಸಂದೇಹ. ವೇಗ, ತೂಕ, ಶಕ್ತಿಗಳ ಗಣಿತ ಬಲ್ಲ ಮಿತ್ರನನ್ನು ಅವನು ಕೇಳುತ್ತಾನೆ. ಆ ರಾತ್ರಿ ಮಗನು ತಂದೆಗೆ ದೂರವಾಣಿ ಮಾಡಿ ಹೇಳುವ ಮಾತು ಹೀಗಿದ್ದೀತು:

“ಅಪ್ಪಾಜಿ, ನಾನು ಸುಮ್ಮನಿದ್ದರೆ ಅವನು ತಪ್ಪು ತೋಟಾ ಕೊಳ್ಳಬಹುದು. ಜಿಂಕೆಗೆ ಅರೆಬರೆ ಗಾಯವಾಗಿ ಪೊದೆಯಲ್ಲಿ ಬಿದ್ದು ಎರಡು ದಿನ ನರಳಬಹುದು. ಹೇಳಿದರೆ ಒಂದೇ ಏಟಿಗೆ ಪ್ರಾಣ ಹೋಗುತ್ತದೆ. ಹೇಗೂ ಕೊಲ್ಲುವವರು ಅವರು, ನಾನಲ್ಲ. ನೀವೇ ಹೇಳಿ, ಸುಮ್ಮನಿರುವುದು ಪಾಪವೋ, ಹೇಳುವುದು ಪಾಪವೋ?”

ಈ ಪ್ರಶ್ನೆಯನ್ನು ‘ಬೇಟೆ ಪಾಪ’ ಎಂಬ ಒಂದೇ ಮಾತಿನಿಂದ ಮುಚ್ಚಿಬಿಡುವುದು ಸುಲಭ. ಆದರೆ ಮಗನು ಕೇಳಿದ್ದು ಅದನ್ನಲ್ಲ.

ತೋಟಾ ಎಂದರೆ ಹಿತ್ತಾಳೆಯ ಒಂದು ಕೋಶ. ಅದರ ಬುಡದಲ್ಲಿ ಕಿಡಿ ಹೊತ್ತುವ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಪಾಯಿಂಟ್ 243ರ ಸಾಮಾನ್ಯ ಗುಂಡು ಸುಮಾರು 6.5 ಗ್ರಾಂ ತೂಕದ್ದು. ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ನಳಿಗೆಯಿಂದ ಹೊರಡುತ್ತದೆ. ಪಾಯಿಂಟ್ 308ರ ಗುಂಡು ಸುಮಾರು 9.7 ಗ್ರಾಂ, ವೇಗ ಸ್ವಲ್ಪ ಕಡಿಮೆ, ಶಕ್ತಿ ಸುಮಾರು ಮೂರನೆಯ ಒಂದು ಪಾಲಿನಷ್ಟು ಹೆಚ್ಚು. ಶಕ್ತಿ ಹೆಚ್ಚಾದರೆ ಸಾವು ಬೇಗ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ದೊಡ್ಡ ತೋಟಾ ಭುಜಕ್ಕೆ ಬಲವಾಗಿ ಒದೆಯುತ್ತದೆ. ಒಮ್ಮೆ ಆ ಒದೆತದ ರುಚಿ ಕಂಡ ಬಾಲಕನು ಮರುಸಲ ಕುದುರೆ ಎಳೆಯುವ ಕ್ಷಣದಲ್ಲೇ ಬೆದರಿ ಕಣ್ಣು ಮುಚ್ಚುತ್ತಾನೆ. ಗುಂಡು ಎದೆಗೆ ತಾಗುವ ಬದಲು ಹೊಟ್ಟೆಗೆ ತಾಗುತ್ತದೆ. ಹೊಟ್ಟೆಗೆ ಬಿದ್ದ ಗುಂಡು ಜಿಂಕೆಯನ್ನು ಗಂಟೆಗಟ್ಟಲೆ ಕೊಲ್ಲುತ್ತದೆ. ಆದ್ದರಿಂದಲೇ ಎಳೆಯರಿಗೆ ಚಿಕ್ಕ ತೋಟಾ ಲೇಸೆಂದು ಬಲ್ಲವರು ಹೇಳುವುದು. ಇತ್ತೀಚೆಗೆ, 2007ರಿಂದ ಬಳಕೆಗೆ ಬಂದ 6.5 ಕ್ರೀಡ್‌ಮೂರ್ ಎಂಬ ತೋಟಾ ಜನಪ್ರಿಯವಾದುದಕ್ಕೂ ಒದೆತ ಕಡಿಮೆ, ಗುರಿ ನೇರ ಎಂಬುದು ಒಂದು ಮುಖ್ಯ ಕಾರಣ.

ಹೃದಯಕ್ಕೋ ಶ್ವಾಸಕೋಶಕ್ಕೋ ಸರಿಯಾಗಿ ತಾಗಿದರೂ ಜಿಂಕೆ ನಿಂತಲ್ಲೇ ಬೀಳುವುದೆಂಬ ನಿಯಮವಿಲ್ಲ. ರಕ್ತ ಸೋರಿ ಮಿದುಳು ಮಂಕಾಗುವವರೆಗೆ ಅದು ಕೆಲವು ಸೆಕೆಂಡುಗಳ ಕಾಲ ಓಡುತ್ತದೆ. ಆ ಕೆಲವು ಸೆಕೆಂಡುಗಳನ್ನು ಇನ್ನಷ್ಟು ಕಿರಿದಾಗಿಸುವುದೇ ತೋಟಾದ ಆಯ್ಕೆಯ ಸಾರ. ಇದರಲ್ಲಿ ಕರುಣೆಯೇ ಇಲ್ಲವೆಂದು ಹೇಳುವುದು ಸತ್ಯವ್ರತಕ್ಕೆ ಒಪ್ಪುವ ಮಾತಲ್ಲ. ‘ಗುರಿ ಖಚಿತವಿಲ್ಲದಿದ್ದರೆ ಹಾರಿಸಬೇಡ’ ಎಂದು ತನ್ನ ಮಗನಿಗೆ ಕಲಿಸುವ, ಗಾಯಗೊಂಡ ಮೃಗದ ರಕ್ತದ ಜಾಡನ್ನು ಹಿಡಿದು ಕತ್ತಲಾಗುವವರೆಗೂ ಹುಡುಕುವ ಬೇಟೆಗಾರನಲ್ಲಿ ಒಂದು ಬಗೆಯ ಅನುಕಂಪೆ ಇದೆ.

ಈ ಅನುಕಂಪೆಯನ್ನು ಕಾನೂನುಗಳೂ ಬರೆದಿಟ್ಟಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 1991ರ ಜಿಂಕೆ ಕಾಯಿದೆಯ ಪ್ರಕಾರ, ಮುಂಟ್‌ಜಾಕ್‌ನಂಥ ಸಣ್ಣ ಜಾತಿಗಳ ವಿಷಯದಲ್ಲಿ ಮುಂದೆ ಮಾಡಿದ ಸಡಿಲಿಕೆಯ ಹೊರತು, ಅಂಗುಲದ 0.240 ಭಾಗಕ್ಕಿಂತ ಕಿರಿದಾದ ನಳಿಗೆಯ ರೈಫಲ್‌ನಿಂದ ಜಿಂಕೆಯನ್ನು ಹೊಡೆಯುವಂತಿಲ್ಲ. ಗುಂಡಿನ ಶಕ್ತಿ 1,700 ಅಡಿ-ಪೌಂಡ್‌ಗಳಿಗಿಂತ ಕಡಿಮೆ ಇರುವಂತಿಲ್ಲ. ಗುಂಡಿನ ಮೂಗು ಮೆದುವಾಗಿಯೋ ಟೊಳ್ಳಾಗಿಯೋ ಇರಲೇಬೇಕು. ಮೆದು ಮೂಗಿನ ಗುಂಡು ಮೈಯೊಳಗೆ ಹೊಕ್ಕೊಡನೆ ಅಣಬೆಯಂತೆ ಅರಳಿ ದೊಡ್ಡ ಗಾಯ ಮಾಡುತ್ತದೆ. ಸಾವು ಬೇಗ ಬರುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಇದೇ ಬಗೆಯ ಅರಳುವ ಗುಂಡನ್ನು 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ ತಯಾರಿಸಿದ್ದರು. ‘ದಮ್‌ದಮ್ ಗುಂಡು’ ಎಂಬ ಹೆಸರು ಇಂದಿಗೂ ಉಳಿದಿದೆ. ಮನುಷ್ಯರ ಮೇಲೆ ಅದನ್ನು ಪ್ರಯೋಗಿಸುವುದು ಅತಿ ಕ್ರೂರವೆಂದು 1899ರ ಹೇಗ್ ಘೋಷಣೆಯು ಯುದ್ಧದಲ್ಲಿ ಅದನ್ನು ನಿಷೇಧಿಸಿತು. ಸೈನಿಕನ ಮೈಯಲ್ಲಿ ಕ್ರೌರ್ಯವೆನಿಸಿದ್ದು ಜಿಂಕೆಯ ಮೈಯಲ್ಲಿ ಕಾನೂನು ಕಡ್ಡಾಯ ಮಾಡಿದ ಕರುಣೆಯಾಯಿತು. ಗುಂಡು ಒಂದೇ. ವ್ಯತ್ಯಾಸವಿರುವುದು ಹೊಡೆಯುವವನ ಸಂಕಲ್ಪದಲ್ಲಿ. ಯುದ್ಧನಿಯಮವು ಸೈನಿಕನು ಬದುಕಿ ಮನೆಗೆ ಮರಳುವ ಸಾಧ್ಯತೆಯನ್ನು ಬಿಟ್ಟುಕೊಡುತ್ತದೆ. ಅವನನ್ನು ಕಾಳಗದಿಂದ ಹಿಂದೆ ಸರಿಸಿದರೆ ಸಾಕು. ಜಿಂಕೆಯ ವಿಷಯದಲ್ಲಿ ಅಂಥ ಬಾಗಿಲು ಇಲ್ಲ. ಅದು ಸಾಯಬೇಕೆಂಬುದು ಮೊದಲೇ ತೀರ್ಮಾನವಾಗಿದೆ. ತೋಟಾದಲ್ಲಿರುವ ಕರುಣೆ ಆ ತೀರ್ಮಾನದ ಆಚೆಗೆ ಹುಟ್ಟಿದ್ದು. ತೀರ್ಮಾನವನ್ನು ಪ್ರಶ್ನಿಸುವ ಅಧಿಕಾರ ಅದಕ್ಕಿಲ್ಲ.

ಜೈನಾಚಾರ್ಯರು ಹಿಂಸೆಯನ್ನು ವಿಂಗಡಿಸಿದ ರೀತಿ ಇಲ್ಲಿ ನೆರವಿಗೆ ಬರುತ್ತದೆ. ಕರ್ಮಾಸ್ರವಕ್ಕೆ ಜೀವನು ಆಸ್ಪದವಾಗುವ ಬಗೆಗಳನ್ನು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನಸ್ಸು, ಮಾತು, ಕಾಯ ಎಂಬ ಮೂರು. ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು. ಗುಣಿಸಿದರೆ ನೂರೆಂಟು. ಜಪಮಾಲೆಯ ನೂರೆಂಟು ಮಣಿಗಳಿಗೆ ಹಿರಿಯರು ಹೇಳುವ ಅರ್ಥಗಳಲ್ಲಿ ಇದೂ ಒಂದು. ಸಂರಂಭವೆಂದರೆ ಮಾಡಬೇಕೆಂಬ ನಿಶ್ಚಯ. ಸಮಾರಂಭವೆಂದರೆ ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸಿಕೊಳ್ಳುವುದು. ಆರಂಭವೆಂದರೆ ಕೃತ್ಯಕ್ಕೆ ಕೈ ಹಚ್ಚುವುದು. ಇಂದು ಮದುವೆಯ ಕರೆಯೋಲೆಯಲ್ಲಿ ಅಚ್ಚಾಗುವ ‘ಸಮಾರಂಭ’ ಎಂಬ ಶಬ್ದಕ್ಕೆ ಆಗಮದಲ್ಲಿ ಇಂಥ ಅರ್ಥವಿದೆಯೆಂಬುದು ಅನೇಕರಿಗೆ ಮರೆತೇಹೋಗಿದೆ. ಹಾಗೆಯೇ ‘ಆರಂಭ’ವೆಂದರೆ ಹಳ್ಳಿಗಾಡಿನ ಕನ್ನಡದಲ್ಲಿ ಬೇಸಾಯ. ನೆಲವನ್ನು ಉಳುವುದರಲ್ಲೂ ಹಿಂಸೆ ತಪ್ಪದೆಂಬ ಅರಿವು ಆ ಪದದ ನೆರಳಿನಲ್ಲಿಯೇ ಇದೆ.

ಈ ಮೂರು ಮೆಟ್ಟಿಲುಗಳಲ್ಲಿ ತೋಟಾದ ಆಯ್ಕೆಯ ಸ್ಥಾನ ಯಾವುದೆಂಬುದು ಈಗ ಸ್ಪಷ್ಟ. ಅಂಗಡಿಯಲ್ಲಿ ನಿಂತು, 243ರ ಪೆಟ್ಟಿಗೆಯನ್ನೂ 308ರ ಪೆಟ್ಟಿಗೆಯನ್ನೂ ಕೈಯಲ್ಲಿ ತೂಗಿ ನೋಡುವಾಗ ಜಿಂಕೆ ಎಲ್ಲೋ ದೂರದ ಕಾಡಿನಲ್ಲಿ ಎಲೆ ಮೇಯುತ್ತಿರುತ್ತದೆ. ಒಂದು ಹನಿ ರಕ್ತವೂ ಬಿದ್ದಿಲ್ಲ. ಆದರೆ ಹಿಂಸೆಯ ಮೂರು ಮೆಟ್ಟಿಲುಗಳಲ್ಲಿ ಎರಡನ್ನು ಏರಿಯಾಗಿದೆ. ಆಯ್ಕೆಯಲ್ಲಿ ಎಚ್ಚರಿಕೆ, ಜಾಣ್ಮೆ, ಅನುಕಂಪೆಗಳು ಎಷ್ಟು ಹೆಚ್ಚಿದರೂ ಅವೆಲ್ಲ ಎರಡನೆಯ ಮೆಟ್ಟಿಲಿನ ಮೇಲಿನ ಎಚ್ಚರಿಕೆ, ಜಾಣ್ಮೆ, ಅನುಕಂಪೆಗಳು. ಅವು ಕಾಲನ್ನು ಕೆಳಗಿಳಿಸುವುದಿಲ್ಲ.

ಯಶೋಧರನ ಕಥೆಯನ್ನು ನೆನೆಯದೆ ಇಲ್ಲಿ ಮುಂದೆ ಹೋಗಲಾಗದು. ಹದಿಮೂರನೆಯ ಶತಮಾನದ ಮೊದಲಿನಲ್ಲಿ ಜನ್ನಕವಿ ಕನ್ನಡಕ್ಕೆ ತಂದ ಆ ಕಥೆಯಲ್ಲಿ ದೊರೆ ಜೀವಂತ ಪ್ರಾಣಿಯನ್ನು ಕೊಲ್ಲಲು ಒಪ್ಪುವುದಿಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ನೋವಿಲ್ಲ, ರಕ್ತವಿಲ್ಲ. ಆದರೂ ತಾಯಿಮಕ್ಕಳು ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ನೋವನ್ನು ಸೊನ್ನೆಗೆ ಇಳಿಸಿದರೂ ಸಂಕಲ್ಪ ಉಳಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಕಟುವಾದ ದೃಷ್ಟಾಂತ ಕನ್ನಡದಲ್ಲಿ ಇರಲಾರದು. ಅತ್ಯುತ್ತಮ ತೋಟಾ ಕೂಡ ಜಿಂಕೆಯನ್ನು ಹಿಟ್ಟಿನ ಜಿಂಕೆಯನ್ನಾಗಿ ಮಾಡದು, ಮಾಡಿದರೂ ಸಾಲದು.

ಇನ್ನು ಜಯನಗರದ ಮಗನ ಪ್ರಶ್ನೆ. ಅವನು ಕೊಲ್ಲುವವನಲ್ಲ, ಮಾತು ಹೇಳುವವನು ಮಾತ್ರ. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನು ಬಿಡಬೇಕಾದ ಅನರ್ಥದಂಡಗಳು ಐದು. ಅವುಗಳಲ್ಲಿ ಎರಡು ಈ ಸಂದರ್ಭಕ್ಕೆಂದೇ ಹೇಳಿದಂತಿವೆ. ಪ್ರಾಣಿಪೀಡೆಗೆ ದಾರಿಯಾಗುವ ಸಲಹೆ ಕೊಡುವುದು ಪಾಪೋಪದೇಶ. ಕೊಡಲಿ, ಕತ್ತಿ, ಬೆಂಕಿ, ಆಯುಧ ಮೊದಲಾದ ಹಿಂಸೆಯ ಉಪಕರಣಗಳನ್ನು ಪರರಿಗೆ ಒದಗಿಸುವುದು ಹಿಂಸಾದಾನ. ‘ಅನರ್ಥ’ ಎಂಬ ವಿಶೇಷಣವನ್ನು ಗಮನಿಸಬೇಕು: ತನಗೆ ಯಾವ ಪ್ರಯೋಜನವೂ ಇಲ್ಲದೆ, ಬರಿಯ ಸೌಜನ್ಯಕ್ಕೆ, ತನ್ನ ತಿಳಿವಳಿಕೆಯ ಪ್ರದರ್ಶನಕ್ಕೆ ಕಟ್ಟಿಕೊಳ್ಳುವ ಪಾಪ. ಬಲ್ಲವನಿಗೆ ತಾನು ಬಲ್ಲೆನೆಂದು ತೋರಿಸುವ ಚಪಲ ದೊಡ್ಡದು. ಗಣಿತದ ಲೆಕ್ಕವೊಂದು ಮುಂದೆ ಬಂದಾಗ ಅದು ಯಾವ ಕಾರ್ಯದ ಲೆಕ್ಕವೆಂಬುದು ಮರೆಯುತ್ತದೆ.

ಆದರೆ ಮಗನ ವಾದಕ್ಕೆ ಇನ್ನೊಂದು ಬಲವಿದೆ: ಅವನು ಹೇಳಹೊರಟಿರುವುದು ನೋವನ್ನು ತಗ್ಗಿಸಲಿಕ್ಕಾಗಿ. ಸುಮಾರು ಹತ್ತನೆಯ ಶತಮಾನದ ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಬಗೆಯ ತರ್ಕವನ್ನು ಎದುರಿಸಿದ್ದಾರೆ. ಬಹು ದುಃಖದಲ್ಲಿರುವ ಜೀವವನ್ನು ಕೊಂದರೆ ಅದರ ದುಃಖ ಬೇಗ ತೀರುವುದೆಂದು ಭಾವಿಸಿ ಕೊಲ್ಲಬಾರದೆಂದೂ, ಒಂದು ಹಿಂಸ್ರ ಪ್ರಾಣಿಯನ್ನು ಕೊಂದರೆ ಹಲವು ಪ್ರಾಣಿಗಳು ಉಳಿದಾವೆಂದು ಭಾವಿಸಿ ಅದನ್ನು ಕೊಲ್ಲಬಾರದೆಂದೂ ಅವರು ಎಚ್ಚರಿಸುತ್ತಾರೆ. ಕರುಣೆಯ ಹೆಸರು ಹಿಂಸೆಗೆ ಹೇಗೆ ರಹದಾರಿಯಾಗುತ್ತದೆಂಬುದನ್ನು ಅವರು ಕಂಡಿದ್ದರು. ಆದರೂ ಮಗನದು ಪೂರ್ತಿಯಾಗಿ ಆ ಸಂದರ್ಭವಲ್ಲ. ಅವನ ಮಾತಿನಿಂದ ಒಂದು ಸಾವು ಹುಟ್ಟುವುದಿಲ್ಲ. ಆಗಲಿರುವ ಸಾವಿನ ಅವಧಿ ಬದಲಾಗುತ್ತದೆ.

ಮಾತಿನ ದಿಕ್ಕನ್ನು ನೋಡಿ ಇದನ್ನು ನಿರ್ಣಯಿಸಬೇಕೆಂದು ತೋರುತ್ತದೆ. ‘ಇಂಥ ತೋಟಾ ಕೊಂಡುಕೋ’ ಎಂಬುದು ಪ್ರವೃತ್ತಿಯ ಮಾತು; ಕೃತ್ಯವನ್ನು ಮುಂದಕ್ಕೆ ತಳ್ಳುತ್ತದೆ, ಹೇಳಿದವನನ್ನು ಅದರ ಸಮಾರಂಭದಲ್ಲಿ ಪಾಲುಗಾರನನ್ನಾಗಿ ಮಾಡುತ್ತದೆ. ‘ನಿನ್ನ ಮಗನ ಕೈ ನಡುಗುತ್ತಿದ್ದರೆ ಹಾರಿಸಗೊಡಬೇಡ, ದೂರ ಹೆಚ್ಚಾದರೆ ಬಿಟ್ಟುಬಿಡಲು ಹೇಳು’ ಎಂಬುದು ನಿವೃತ್ತಿಯ ಮಾತು, ತಡೆಯುತ್ತದೆ. ಮೊದಲನೆಯದನ್ನು ಶ್ರಾವಕನು ಆಡಬಾರದು. ಎರಡನೆಯದನ್ನು ಆಡಬಹುದು, ಆಡಬೇಕು. ‘ಈ ವಿಷಯದಲ್ಲಿ ಸಲಹೆ ಕೊಡುವುದಕ್ಕೆ ನನ್ನ ಧರ್ಮ ಒಪ್ಪುವುದಿಲ್ಲ’ ಎಂದು ಮಿತ್ರನಿಗೆ ನೇರವಾಗಿ, ಅವನನ್ನು ಹೀನಾಯಗೊಳಿಸದೆ ಹೇಳುವ ಧೈರ್ಯವೂ ಬೇಕು. ಇಷ್ಟು ಹೇಳಿದರೂ ಒಂದು ಮುಳ್ಳು ಉಳಿದೇ ಉಳಿಯುತ್ತದೆ. ‘ಪಾಯಿಂಟ್ 22ರಂಥ ಸಣ್ಣ ತೋಟಾದಿಂದ ಜಿಂಕೆಗೆ ಹೊಡೆಯಬೇಡ’ ಎಂದರೆ ಅದು ತಡೆಯೋ, ದೊಡ್ಡದನ್ನು ಕೊಳ್ಳೆಂಬ ಸೂಚನೆಯೋ? ಇವೆರಡರ ನಡುವಣ ಗೆರೆ ಕೂದಲೆಳೆಯಷ್ಟು ತೆಳುವಾದದ್ದು, ಜಿಂಕೆಗಂತೂ ಅದು ಕಾಣದು, ಎಂದು ಯಾರಾದರೂ ಆಕ್ಷೇಪಿಸಿದರೆ ಅದನ್ನು ತಳ್ಳಿಹಾಕಲಾಗದು. ಸುಮ್ಮನಿದ್ದ ಮಗನಿಗೆ, ಆ ವರ್ಷ ಒಂದು ಜಿಂಕೆ ಪೊದೆಯಲ್ಲಿ ನರಳಿ ಸತ್ತಿತೆಂಬ ಸುದ್ದಿ ಬಂದರೆ, ಅವನ ಮನಸ್ಸು ಕಲಕದೆ ಇರದು. ಕಲಕಬೇಕಾದದ್ದೇ. ಆ ತಳಮಳವನ್ನು ನೀಗಿಕೊಳ್ಳಲಿಕ್ಕೆ ತೋಟಾಗಳ ಪಂಡಿತನಾಗುವುದು ಮಾತ್ರ ದಾರಿಯಲ್ಲ.

ತೋಟಾದ ಫಲ ಜಿಂಕೆಯಲ್ಲಿಗೆ ಮುಗಿಯುವುದೂ ಇಲ್ಲ. ಸೀಸದ ಗುಂಡು ಮೈಯೊಳಗೆ ನುಚ್ಚಾಗಿ ಚದುರುತ್ತದೆ. ಬೇಟೆಗಾರನು ಕಾಡಿನಲ್ಲಿ ಬಿಟ್ಟುಹೋದ ಕರುಳನ್ನು ತಿಂದು ಹದ್ದು, ರಣಹದ್ದುಗಳು ವಿಷವೇರಿ ಸಾಯುತ್ತವೆ. ಅಳಿವಿನಂಚಿನ ಕಾಂಡರ್ ಪಕ್ಷಿಗಳು ಹೀಗೆ ಸತ್ತುದರಿಂದಲೇ ಕ್ಯಾಲಿಫೋರ್ನಿಯಾ ರಾಜ್ಯವು 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡುಗಳನ್ನು ಪೂರ್ತಿಯಾಗಿ ನಿಷೇಧಿಸಿತು. ಈಗ ಅಲ್ಲಿ ತಾಮ್ರದ ಗುಂಡು ಬಳಸುತ್ತಾರೆ. ಸತ್ತ ಪ್ರಾಣಿಯ ಮೈಯಲ್ಲಿ ಮನುಷ್ಯನು ಇಟ್ಟದ್ದು ಮುಂದೆ ಯಾರನ್ನು ಕೊಲ್ಲುತ್ತದೆಂಬುದು ಬೆಂಗಳೂರಿನವರಿಗೆ ಹೊಸ ಪಾಠವಲ್ಲ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಔಷಧದಿಂದ ದೇಶದ ರಣಹದ್ದುಗಳು ನಾಶವಾದವು. ಅಳಿದುಳಿದವುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ಧಾಮವಾಗಿಸಬೇಕಾಯಿತು. ಆ ಔಷಧವೂ ದನದ ನೋವನ್ನು ತಗ್ಗಿಸಲೆಂದು ಕೊಟ್ಟದ್ದೇ.

ಭಾರತದ ಕಾನೂನು ನಡೆದುಬಂದ ದಾರಿ ಈ ಚರ್ಚೆಗೆ ಬಹಳ ಸಮೀಪದ್ದು. ಬೆಂಗಳೂರಿನ ಸುತ್ತಣ ಕಾಡುಗಳಲ್ಲಿ ಬೇಟೆ ಮೊನ್ನೆಮೊನ್ನೆಯವರೆಗೆ ಗೌರವದ ಹವ್ಯಾಸವಾಗಿತ್ತು. 1974ರಲ್ಲಿ ತೀರಿಕೊಂಡ ಬೆಂಗಳೂರಿನ ಕೆನೆತ್ ಆಂಡರ್ಸನ್ನರ ಬೇಟೆಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದವರು ಜಯನಗರದ ಮನೆಮನೆಗಳಲ್ಲಿದ್ದಾರೆ. ಆಂಡರ್ಸನ್ನರ ನೆಚ್ಚಿನ ಪಾಯಿಂಟ್ 405 ವಿಂಚೆಸ್ಟರ್ ರೈಫಲ್ ಜೈನ ಮನೆಗಳ ಮಕ್ಕಳಿಗೂ ಪರಿಚಿತವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗಲೂ ಎಲ್ಲ ಬೇಟೆ ನಿಲ್ಲಲಿಲ್ಲ. ಚುಕ್ಕೆ ಜಿಂಕೆ, ಕಡವೆಗಳು ‘ದೊಡ್ಡ ಬೇಟೆ’ಯ ಪಟ್ಟಿಯಲ್ಲಿದ್ದವು, ಪರವಾನಗಿ ಪಡೆದು ಹೊಡೆಯಬಹುದಾಗಿತ್ತು. ಹೇಗೆ ಹೊಡೆಯಬೇಕೆಂಬುದನ್ನು ಕಾಯಿದೆಯ ಹದಿನೇಳನೆಯ ಪ್ರಕರಣ ಹೇಳುತ್ತಿತ್ತು: ದೊಡ್ಡ ಬೇಟೆಗೆ ರೈಫಲ್ಲೇ ಬೇಕು, ವಿಶೇಷ ಅನುಮತಿಯಿದ್ದಲ್ಲಿ ಮಾತ್ರ ಒಂಟಿ ಗುಂಡಿನ ಶಾಟ್‌ಗನ್. ಚರೆ ಹಾರಿಸಿ ಮೃಗವನ್ನು ಗಾಯಗೊಳಿಸಿ ಬಿಡಬಾರದೆಂಬುದು ಇದರ ಹಿಂದಿನ ವಿವೇಕ. ಇಂಗ್ಲೆಂಡಿನ ಕಾಯಿದೆಯಂತೆಯೇ ಇದೂ ‘ಹೇಗೆ’ ಎಂಬುದಕ್ಕೆ ಉತ್ತರ ಕೊಡುವ ಕಾನೂನು. 1991ರ ತಿದ್ದುಪಡಿಯು ಬೇಟೆಯ ಪರವಾನಗಿಯ ಪ್ರಕರಣಗಳನ್ನು, ಈ ಹದಿನೇಳನೆಯದನ್ನೂ ಸೇರಿಸಿ, ತೆಗೆದುಹಾಕಿತು. ಅದು ಜಾರಿಗೆ ಬಂದದ್ದು ಅಕ್ಟೋಬರ್ 2ರಂದು, ಗಾಂಧೀಜಯಂತಿಯ ದಿನ. ಇಂಗ್ಲೆಂಡಿನ ಸಂಸತ್ತು ಜಿಂಕೆಗೆ ಎಷ್ಟು ದಪ್ಪದ ಗುಂಡೆಂದು ಬರೆದ ಅದೇ ವರ್ಷದಲ್ಲಿ ಭಾರತದ ಸಂಸತ್ತು ಆ ಸಾಲನ್ನೇ ಅಳಿಸಿತು. ವಿಚಿತ್ರವೆಂದರೆ, ಕರ್ನಾಟಕದ ಕಾಡುಗಳ ಇದೇ ಚುಕ್ಕೆ ಜಿಂಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಹವಾಯಿ ದ್ವೀಪಗಳನ್ನೂ ಮುಂದೆ ಟೆಕ್ಸಾಸನ್ನೂ ಸೇರಿ, ಅಲ್ಲಿ ಇಂದಿಗೂ ಬೇಟೆಯ ಮೃಗವಾಗಿದೆ. ಯಾವ ತೋಟಾವೆಂಬ ಪ್ರಶ್ನೆ ಅಲ್ಲಿ ಅದನ್ನು ಬಿಟ್ಟಿಲ್ಲ.

ಹಾಗಾದರೆ ಕರ್ನಾಟಕದಲ್ಲಿ ಪ್ರಶ್ನೆ ಮುಗಿಯಿತೇ? ಇಲ್ಲ. ಇಲ್ಲಿಯೇ ಎರಡನೆಯ ಬಾಗಿಲು.

ದಕ್ಷಿಣ ಬೆಂಗಳೂರಿನ ಅನೇಕ ಕನ್ನಡ ಜೈನ ಕುಟುಂಬಗಳ ಬೇರು ಇರುವುದು ಕಾರ್ಕಳ, ಮೂಡುಬಿದಿರೆ, ಹೊಂಬುಜ, ನರಸಿಂಹರಾಜಪುರಗಳ ಸೀಮೆಯಲ್ಲಿ. ಅಲ್ಲಿ ಕಾಡಿನ ಅಂಚಿಗೆ ಹಿರಿಯರ ಗದ್ದೆ ಉಳಿದಿರುತ್ತದೆ, ಅಥವಾ ಬಸದಿಯ ಟ್ರಸ್ಟಿಗೆ ಸೇರಿದ ಸ್ವಲ್ಪ ಭೂಮಿ. ಅದನ್ನು ನೋಡಿಕೊಳ್ಳುವವನು ಊರಿನ ರೈತ. ಲೆಕ್ಕ ನೋಡುವವರು ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ಇರುವ ಮಾಲೀಕರು. ಭತ್ತ ಹೊಡೆ ಕಟ್ಟುವ ಕಾಲಕ್ಕೆ ಆ ರೈತನಿಂದ ಬರಬಹುದಾದ ಕರೆ ಇಂಥದು:

“ಅಯ್ಯಾ, ಜಿಂಕೆ ಹಿಂಡು ಬಿದ್ದು ಮೂರು ರಾತ್ರೀಲಿ ಅರ್ಧ ಗದ್ದೆ ಮುಗೀತು. ನನ್ನ ಕೇಪಿನ ಕೋವೀಲಿ ಚರೆ ಹೊಡೆದ್ರೆ ಗಾಯ ಆಗ್ತದೆ, ಸಾಯೂದಿಲ್ಲ. ಅದು ಇನ್ನೂ ಪಾಪ. ಒಳ್ಳೇ ತೋಟಾ ತರ್ಸಿ ಕೊಡಿ.”

ಮಗನ ಪ್ರಶ್ನೆಯೂ ಈ ರೈತನ ಪ್ರಶ್ನೆಯೂ ಒಂದೇ ಅಚ್ಚಿನವು. ಎರಡರಲ್ಲೂ ಗಾಯದ ನೋವಿಗಿಂತ ಬೇಗನೆ ಬರುವ ಸಾವು ಮೇಲೆಂಬ ವಾದ. ಆದರೆ ಹಿಂದಿರುವ ಹೊಟ್ಟೆ ಬೇರೆ. ಸಹೋದ್ಯೋಗಿ ಬೇಟೆಯನ್ನು ಬಿಟ್ಟರೆ ಅವನ ಮನೆಯಲ್ಲಿ ಒಲೆ ಆರುವುದಿಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಪೂರ್ತಿ ಬಿಡಬೇಕೆಂದೂ ಉಳಿದ ಮೂರನ್ನು ಸಾಧ್ಯವಾದಷ್ಟು ತಗ್ಗಿಸಬೇಕೆಂದೂ ಪರಂಪರೆ ಹೇಳುತ್ತದೆ. ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದನೆಂಬುದನ್ನು ಮರೆಯಬಾರದು. ಜೈನಧರ್ಮ ಕೈಯಲ್ಲಿ ಆಯುಧವಿದ್ದವನನ್ನು ಹೊರಗಿಟ್ಟ ಧರ್ಮವಲ್ಲ. ಬೆಳೆ ಕಾಯುವವನ ಕೃತ್ಯ ಆರಂಭ, ಉದ್ಯೋಗಗಳ ಮಗ್ಗುಲಿಗೆ ಬರುತ್ತದೆ. ಅದನ್ನು ವಿನೋದದ ಬೇಟೆಯ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಆದರೂ ನಳಿಗೆಯನ್ನು ಒಂದು ಜೀವದ ಮೇಲೆ ಇಟ್ಟು ಗುರಿ ಹಿಡಿದಾಗ ಸಂಕಲ್ಪದ ಅಂಶ ಸೇರಿಯೇ ಸೇರುತ್ತದೆ. ಜಿಂಕೆ ಶತ್ರುವಲ್ಲ, ಅದಕ್ಕೆ ಗದ್ದೆಯ ಗಡಿ ತಿಳಿಯದು.

ಕಾನೂನಿನ ಮಾತು ಇಲ್ಲಿ ಚಿಕ್ಕದು. ಬೆಳೆ ರಕ್ಷಣೆಗೆಂದು ಕೊಟ್ಟ ಬಂದೂಕಿನ ಪರವಾನಗಿ ಜಿಂಕೆಯನ್ನು ಕೊಲ್ಲುವ ಪರವಾನಗಿಯಲ್ಲ. ಕೊಡವರಿಗೆ ಶಸ್ತ್ರ ಕಾಯಿದೆಯ ಪರವಾನಗಿಯಿಂದ ಇರುವ ವಿನಾಯಿತಿಯೂ, ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಲಾಗಿದೆ, ಕೋವಿಯನ್ನು ಇಟ್ಟುಕೊಳ್ಳುವುದಕ್ಕೇ ಹೊರತು ವನ್ಯಮೃಗವನ್ನು ಹೊಡೆಯುವುದಕ್ಕಲ್ಲ. ನಿಂತ ಪೈರಿಗೆ ಅಪಾಯವಾದಲ್ಲಿ ಕ್ರಮ ಕೈಗೊಳ್ಳುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರದು. ಅವರ ಲಿಖಿತ ಆದೇಶವಿಲ್ಲದೆ ಹೊಡೆದವನು ಅಪರಾಧಿ, ತೋಟಾ ಎಷ್ಟು ಒಳ್ಳೆಯದಾದರೂ. ಆಯ್ಕೆಯೂ ಇಲ್ಲಿ ಅಷ್ಟು ಸುಲಭವಲ್ಲ. ಸೇನೆ ಬಳಸುವ ತೋಟಾಗಳ ರೈಫಲ್‌ಗಳು ನಾಗರಿಕರಿಗೆ ನಿಷಿದ್ಧ. ಸರ್ಕಾರಿ ಕಾರ್ಖಾನೆಯ ಪಾಯಿಂಟ್ 315ರಂಥವನ್ನು ಪಡೆಯುವುದೂ ಸಾಮಾನ್ಯ ರೈತನಿಗೆ ಎಟುಕುವ ಮಾತಲ್ಲ.

ಆದರೆ ‘ಕಾನೂನು ಬಿಡುವುದಿಲ್ಲ’ ಎಂದು ಹೇಳಿ ಮಾಲೀಕನು ದೂರವಾಣಿಯನ್ನು ಇಟ್ಟುಬಿಟ್ಟರೆ ಏನಾಯಿತು? ಅವನ ವ್ರತ ಉಳಿಯಿತು. ರೈತನ ಗದ್ದೆ ಹೋಯಿತು. ಬೆಂಗಳೂರಿನ ಊಟದ ಮನೆಯಲ್ಲಿ ಪಾಲಿಸಿದ ಅಹಿಂಸಾಣುವ್ರತದ ಬೆಲೆಯನ್ನು ಮಲೆನಾಡಿನಲ್ಲಿ ಇನ್ನೊಬ್ಬನು, ತನ್ನದಲ್ಲದ ವ್ರತಕ್ಕಾಗಿ, ಭತ್ತದ ರೂಪದಲ್ಲಿ ತೆತ್ತನು. ಮತ್ತು ಆ ರಾತ್ರಿ ಅವನು ಹತಾಶೆಯಿಂದ ಕೇಪಿನ ಕೋವಿಗೆ ಚರೆ ತುಂಬಿದರೆ, ಜಿಂಕೆಗೂ ಒಳಿತಾಗಲಿಲ್ಲ. ತೋಟಾ ಕೊಡಿಸಿದ್ದರೆ ಅದು ಹಿಂಸಾದಾನ. ಲೆಕ್ಕದ ಹಾಳೆಯ ಮೇಲೆ ಸಹಿ ಹಾಕಿದ ಕೈಗೆ ‘ಮಾಡಿಸುವುದು’ ಎಂಬ ದೋಷ. ಸಹಿ ಹಾಕದೆ, ಕೇಳಿಯೂ ಕೇಳದಂತೆ ಇದ್ದು, ಫಸಲಿನ ಹಣವನ್ನು ಮಾತ್ರ ಎಣಿಸಿಕೊಂಡರೆ ಅದು ಅನುಮೋದನೆಗೆ ಎಷ್ಟು ದೂರ? ನೂರೆಂಟರ ಲೆಕ್ಕದಲ್ಲಿ ಮೌನಕ್ಕೆ ಬೇರೆ ಮಣಿ ಇಲ್ಲ.

ವಿವಾಹಕ್ಕೆ ಹೊರಟಿದ್ದ ನೇಮಿನಾಥರು ದಾರಿಯಲ್ಲಿ ಕೂಡಿಹಾಕಿದ್ದ ಮೃಗಗಳ ಆಕ್ರಂದನವನ್ನು ಕೇಳಿದಾಗ, ಅವುಗಳನ್ನು ಯಾವ ಆಯುಧದಿಂದ, ಎಷ್ಟು ಬೇಗ ಕೊಲ್ಲುವಿರೆಂದು ವಿಚಾರಿಸಲಿಲ್ಲ, ಮದುವೆಯನ್ನೇ ಬಿಟ್ಟರು. ಅಹಿಂಸೆಯ ವೆಚ್ಚವನ್ನು ಅವರು ತಮ್ಮ ಸುಖದಿಂದ ಭರಿಸಿದರು, ಸಾರಥಿಯಿಂದ ಭರಿಸಲಿಲ್ಲ. ಗೃಹಸ್ಥನಿಂದ ಅಷ್ಟು ದೊಡ್ಡ ತ್ಯಾಗವನ್ನು ಯಾರೂ ಕೇಳುವುದಿಲ್ಲ. ತೋಟಾ ಬೇಡಿದ ರೈತನಿಗೆ ‘ತೋಟಾ ಕೊಡಲಾರೆ, ಆದರೆ ಹೋದ ಬೆಳೆ ನನ್ನದು’ ಎಂದು ಹೇಳುವಷ್ಟನ್ನು ಕೇಳಬಹುದು. ಅರಣ್ಯ ಇಲಾಖೆಯ ಬೆಳೆ ಪರಿಹಾರಕ್ಕೆ ಅರ್ಜಿ ಹಾಕಲು ಬೇಕಾದ ಕಾಗದಪತ್ರಗಳು ಹೆಚ್ಚಾಗಿ ಇರುವುದು ಬೆಂಗಳೂರಿನ ಕಪಾಟಿನಲ್ಲಿ, ರೈತನ ಗುಡಿಸಲಿನಲ್ಲಲ್ಲ. ಅವನ್ನು ಹುಡುಕಿ ಕಳುಹಿಸುವ ಒಂದು ಗಂಟೆಯ ಶ್ರಮವನ್ನು ಕೇಳಬಹುದು. ಸೌರಬೇಲಿಯ ಖರ್ಚು, ತೆನೆ ಬಲಿಯುವ ತಿಂಗಳಲ್ಲಿ ಅಟ್ಟಣೆಯ ಮೇಲೆ ರಾತ್ರಿ ಕೂರುವ ಕಾವಲುಗಾರನ ಕೂಲಿ, ಅವನ ಟಾರ್ಚಿನ ಸೆಲ್ಲು, ಇಷ್ಟಾದರೂ ಜಿಂಕೆ ತಿಂದುಹೋದ ಪಾಲಿನ ಬೆಲೆ: ಬಸದಿಯ ಟ್ರಸ್ಟುಗಳು ಇವನ್ನು ನಷ್ಟದ ಬಾಬ್ತಿನಲ್ಲಿ ಬರೆಯುವುದು ರೂಢಿ. ನಿತ್ಯಪೂಜೆ, ನಂದಾದೀಪಗಳ ಖರ್ಚನ್ನು ಬರೆಯುವ ಪುಟದಲ್ಲಿಯೇ ಅವನ್ನೂ ಬರೆಯಬಾರದೆಂಬ ನಿಯಮ ಎಲ್ಲಿಯೂ ಇಲ್ಲ.